ಹಸಿರು ಬಳೆ ತೊಟ್ಟು ಅಲಾಸ್ಕಾಕ್ಕೆ ಹೊರಟವರಿಗೆ

ಮೀರಾ ಮೆಸಾ, ಸ್ಯಾನ್ ಡಿಯೇಗೋ
ಏಪ್ರಿಲ್, 2024

ಬಾಗಿದ ಕೊಕ್ಕಿನವರೂ ನೀಳಗಾಲಿನವರೂ ನಮ್ಮ ಕಡಲಂಚಿನ ಕೆಸರು ಬಯಲಿಗೆ ಚಳಿಗಾಲದ ಖಾಯಂ ಅತಿಥಿಗಳೂ ಆದ ಶ್ರೀಮತಿ ವಿಂಬ್ರೆಲ್ ಹಕ್ಕಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಉಡುಪಿಯಲ್ಲಿ ಹುಟ್ಟಿ ಮೀರಾ ಮೆಸಾದಲ್ಲಿ ಸಂಸಾರ ಹೂಡಿರುವ ಉಮಾವತಿ ಎಂಬ ನಾನು ತಮಗೆ ಬಗ್ಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವ ಅಗತ್ಯ ಕಾಣುವುದಿಲ್ಲ. ಇಡೀ ಚಳಿಗಾಲ ಇಲ್ಲಿಯ ಏಡಿಗಳನ್ನು ಬಿಲದಿಂದ ಎಳೆದೆಳೆದು ತಿಂದು ತಾವು ಗುಂಡುಗುಂಡಾಗಿರುವುದನ್ನು ಕಣ್ಣಾರೆ ಕಂಡಿದ್ದೇನೆ, ದೃಷ್ಟಿ ತಾಗದಿರಲಿ. ನನ್ನ ದೂರು ತಮ್ಮ ಊಟದ ಬಗ್ಗೆ ಅಲ್ಲ, ತಮ್ಮ ಹೆರಿಗೆಯ ಬಗ್ಗೆ.

ಲೋಕದ ಹೆಣ್ಣುಮಕ್ಕಳು ಹೆರಿಗೆಗೆಂದು ಬೆಚ್ಚಗಿನ ತವರಿಗೆ ಬರುತ್ತಾರೆ. ತಾವಾದರೋ ವರ್ಷದ ಹೆಚ್ಚಿನ ಪಾಲು ಈ ಬೆಚ್ಚಗಿನ ತೀರದಲ್ಲಿ ಉಂಡು ತಿರುಗಿ, ಮೊಟ್ಟೆಯಿಡುವ ಹೊತ್ತಿಗೆ ಸರಿಯಾಗಿ, ಹಿಮ ಇನ್ನೂ ಪೂರ್ತಿ ಕರಗದ ಅಲಾಸ್ಕಾದ ಬೋಳು ಬಯಲಿಗೆ ಹಾರಿ, ನೆಲದಲ್ಲೊಂದು ಕುಳಿ ಕೆದರಿ ಕಾವಿಗೆ ಕೂರುತ್ತೀರಿ. ತಮ್ಮ ಧೈರ್ಯಕ್ಕೆ ಕೈ ಮುಗಿದೆ. ಆದರೆ ಹೋಗುವವರು ಸುಮ್ಮನೆ ಹೋಗದೆ ನನ್ನ ಮಗಳನ್ನೂ ಬೆನ್ನಿಗೆ ಕಟ್ಟಿಕೊಂಡು ಹೋಗುವುದು ಯಾವ ನ್ಯಾಯ? ಅಶ್ವಿತಾ ಹಕ್ಕಿಗೂಡುಗಳನ್ನು ಅಧ್ಯಯನ ಮಾಡುವವಳು, ಈಗ ಐದು ತಿಂಗಳ ಬಸುರಿ. ಜೂನಿನಲ್ಲಿ ಏಳಕ್ಕೆ ಬೀಳುವಾಗ ಸೀಮಂತವೆಂದು ನಾನು ಹಾಲ್ ಬುಕ್ ಮಾಡಿ, ಪೋರ್ಟರ್ ರ್ಯಾಂಚ್ ಊರಿನ ನೆಂಟರಿಗೆಲ್ಲ ಹೇಳಿಯೂ ಆಗಿತ್ತು. ಅವಳು, "ಅಮ್ಮಾ, ಜೂನ್ ಈಸ್ ನೆಸ್ಟಿಂಗ್ ಸೀಸನ್, ಐ ಕಾಂಟ್" ಎಂದಳು. ಡಾಕ್ಟರೂ ಹೋಗಬಹುದು ಎಂದರಂತೆ. ಆ ಡಾಕ್ಟರಿಗೆ ತಾಯಿಯೆಂಬವರು ಇದ್ದಾರೋ ಇಲ್ಲವೋ!

ತಮ್ಮ ಪರಿಚಯವಾದ ಸಂದರ್ಭವನ್ನೂ ಇಲ್ಲಿ ನಿವೇದಿಸಿಕೊಳ್ಳಬೇಕು. ಫೆಬ್ರವರಿಯಲ್ಲಿ ವಾಕಿಂಗ್ ಹೋಗಿದ್ದ ನನಗೆ ತಮ್ಮ ಕಾಲಿನಲ್ಲಿ ಹಸಿರು ಬಳೆ ಕಂಡಿತು. ಸೀಮಂತದ ಬಳೆಯದೇ ಧ್ಯಾನದಲ್ಲಿದ್ದ ನಾನು, ಪಾಪ, ಯಾರೋ ಬಳೆ ತೊಡಿಸಿದ್ದಾರೆ, ಬಯಕೆ ಊಟ ಹಾಕಿದವರು ಮಾತ್ರ ಯಾರೂ ಇದ್ದಂತಿಲ್ಲ ಎಂದು ಮರುಗಿ, ಫಿಲಿಪಿನೋ ಅಂಗಡಿಯಿಂದ ಕೆಸುವಿನ ಎಲೆ ತಂದು, ಪತ್ರೊಡೆ ಬೇಯಿಸಿ, ಮರುದಿನ ಬೆಳಿಗ್ಗೆ ಬಾಳೆಲೆಯಲ್ಲಿಟ್ಟು ಕೆಸರಿನಂಚಿನಲ್ಲಿ ಬಡಿಸಿದೆ. ತಾವು ಅದನ್ನು ದಾಟಿಕೊಂಡು ಹೋಗಿ ಒಂದು ಏಡಿ ತಿಂದಿರಿ. ಕಾಡುಹಕ್ಕಿಗೆ ತಿಂಡಿ ಹಾಕಬಾರದೆಂದು ಅಲ್ಲಿನ ಕಾವಲಿನವರಿಂದ ನಾನು ಬೈಸಿಕೊಂಡೆ. ಅದಾದರೂ ಇರಲಿ, ಪತ್ರೊಡೆಗೆ ಆದ ಅವಮಾನವನ್ನು ಹೇಗೆ ಮರೆಯಲಿ?

ಅಲ್ಲಿ ನಾನು ತೆಗೆದ ತಮ್ಮ ಫೋಟೋ ನೋಡಿದ ಅಶ್ವಿತಾ "ಓ ಮೈ ಗಾಡ್, ದಟ್ಸ್ ಮೈ ಬರ್ಡ್!" ಎಂದು ಕುಣಿದಳು. ಕಳೆದ ಜೂನಿನಲ್ಲಿ ಅಲಾಸ್ಕಾದಲ್ಲಿ ಗುರುತಿಗೆಂದು ಆ ಬಳೆ ತೊಡಿಸಿದವಳು ಅವಳೇ ಅಂತೆ. ಅವಳ ಕೈಗೆ ನಾನು ಹಸಿರು ಬಳೆ ಇಡುವ ಮೊದಲೇ ಅವಳು ತಮ್ಮ ಕಾಲಿಗೆ ಇಟ್ಟು ಮುಗಿಸಿದ್ದಾಳೆ! ಆಮೇಲೆ ಅವಳು ಹೇಳಿದ್ದು ಕೇಳಿ ನನ್ನ ನಗು ನಿಂತಿತು. ಚಳಿ ಕಡಿಮೆಯಾಗುತ್ತ ಬಂದ ಹಾಗೆ ತಮ್ಮ ಬೋಳು ಬಯಲಿಗೆ ವಿಲೋ ಪೊದೆಗಳು ನುಗ್ಗುತ್ತಿವೆಯಂತೆ. ದೂರದಿಂದಲೇ ಶತ್ರು ಕಾಣಬೇಕಾದ ತಮಗೆ ಪೊದೆಯ ಮರೆಯಲ್ಲಿದ್ದ ನರಿ ಕಾಣದೆ, ಕಳೆದ ಸಲದ ಮೊಟ್ಟೆಗಳೆಲ್ಲ ಒಂದೇ ಬೆಳಿಗ್ಗೆ ಹೋದವಂತೆ.

ಆದ್ದರಿಂದ ಈ ಸಲ ನಮ್ಮ ಹಿತ್ತಲಲ್ಲೇ ಗೂಡು ಕಟ್ಟಬೇಕೆಂದು ತಮ್ಮಲ್ಲಿ ವಿನಂತಿಸುವವಳಿದ್ದೆ. ತಮಗೆ ಬಯಲು ಬೇಕೆಂದು ಗುಲಾಬಿಯನ್ನೆಲ್ಲ ಕಿತ್ತು ಜಲ್ಲಿ ಹರಡಿಸಿದೆ. ನನ್ನ ಯಜಮಾನರಾದ ಕರುಣಾಕರರು, "ಹಿಮ ಬೇಕಾದರೆ ಫ್ರಿಜ್ಜಿನ ಐಸ್ ಹಾಕುವಾ ಮಾರಾಯ್ತಿ" ಎಂದು ತಮಾಷೆ ಮಾಡಿದರು. ಮಗಳು ನಗಲಿಲ್ಲ. ಎಲ್ಲಿ ಬೇಕಾದರೂ ಮೊಟ್ಟೆಯಿಡಲು ತಮಗೆ ಬರುವುದಿಲ್ಲವೆಂದೂ, ಆ ಬಯಲು ಬಿಸಿಯಾಗುತ್ತಿರುವುದು ನಮ್ಮಂಥವರ ಹೊಗೆಯಿಂದಲೆಂದೂ, ಈ ಸಲ ತಾವು ಬೇರೆ ಬಯಲು ಹುಡುಕುತ್ತೀರೋ ಅದೇ ಪೊದೆಯೊಳಗೆ ಕೂರುತ್ತೀರೋ ಎಂಬುದನ್ನು ತಾನು ಕಣ್ಣಾರೆ ನೋಡಲೇಬೇಕೆಂದೂ ಹೇಳಿದಳು. ಹಾಲು ತರುವುದಕ್ಕೂ ಕಾರ್ ಡ್ರೈವ್ ಮಾಡುವ ನಾನು, ಅದೇ ಕಾರಿನಲ್ಲಿ ತಮ್ಮ ಮೇಲೆ ದೂರು ಹೊತ್ತುಕೊಂಡು ಬರುತ್ತಿದ್ದೆನಲ್ಲ!

ಹೀಗಾಗಿ ಹಾಲ್ ಕ್ಯಾನ್ಸಲ್ ಆಗಿದೆ. ಸೀಮಂತ ಅಲಾಸ್ಕಾದಲ್ಲಿಯೇ, ತಮ್ಮ ಬಯಲಿನ ರಸ್ತೆಯಂಚಿನಲ್ಲಿ. ಹಸಿರು ಬಳೆ, ಹಸಿರು ಸೀರೆ, ಕುಂಡದ ಮಲ್ಲಿಗೆಯ ಮೊಗ್ಗು, ದಪ್ಪ ಜಾಕೆಟ್ಟು ಎಲ್ಲ ಕಟ್ಟಿ ಆಗಿದೆ. ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟೇ: ಪೊದೆಯಿಂದ ದೂರ, ನರಿಗೆ ಅಡಗಲು ಜಾಗವಿಲ್ಲದ ಕಡೆ, ಸಾಧ್ಯವಾದರೆ ನನ್ನ ನೋಯುವ ಮೊಣಕಾಲಿಗೆ ನಡೆದು ಮುಟ್ಟಲಾಗುವಷ್ಟು ಹತ್ತಿರದಲ್ಲಿ ಗೂಡು ಮಾಡಿ. ನನ್ನ ಮಗಳು ಸಂತೋಷದ ಮುಖದಲ್ಲಿ ಮನೆಗೆ ಬರಬೇಕು. ಅದು ಈಗ ತಮ್ಮ ಮೊಟ್ಟೆಗಳು ಉಳಿಯುವುದರ ಮೇಲೆ ನಿಂತಿದೆ.

ತಮ್ಮ ಮರಿಗಳ ಹಾದಿ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಉಮಾವತಿ

ಮರೆತ ಮಾತು: ಮರಿಗಳು ಹಾರಲು ಕಲಿಯುವ ಮೊದಲೇ ಅವುಗಳನ್ನು ತಮ್ಮ ಯಜಮಾನರಿಗೆ ಒಪ್ಪಿಸಿ ತಾವು ದಕ್ಷಿಣಕ್ಕೆ ಹೊರಡುವುದೂ ಉಂಟೆಂದು ಕೇಳಿದ್ದೇನೆ. ಅಶ್ವಿತಾ ಈ ಸಂಗತಿಯನ್ನು ಅಳಿಯ ವಿಕಾಸನಿಗೆ ಕೇಳಿಸುವ ಹಾಗೆ ದಿನಕ್ಕೊಮ್ಮೆ ಗಟ್ಟಿಯಾಗಿ ಓದುತ್ತಾಳೆ. ಅವನನ್ನೂ ಕರೆತರುತ್ತಿದ್ದೇನೆ, ತಮ್ಮ ಯಜಮಾನರನ್ನು ನೋಡಿ ಕಲಿಯಲಿ. ಆಗಸ್ಟಿನಲ್ಲಿ ಮಗಳ ಬಾಣಂತನ ಮೀರಾ ಮೆಸಾದಲ್ಲೇ. ತಾವೂ ಅಷ್ಟರಲ್ಲಿ ಬಂದು ಮುಟ್ಟಿ. ಪತ್ರೊಡೆಯನ್ನು ಮಾತ್ರ ಇನ್ನು ತಾವೇ ಬಾಯಿಬಿಟ್ಟು ಕೇಳಬೇಕು.