ಎಲ್ಲರದೂ ಒಂದೇ ಮಾತು

ಬೆಳಿಗ್ಗೆ ಕಚೇರಿಗೆ ಬಂದ ದುಭಾಷಿಗೆ ತನ್ನ ಕೋಣೆಯಲ್ಲಿ ಮೊದಲು ಕಂಡದ್ದು, ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ ರೆಕಾರ್ಡ್ ಗುಮಾಸ್ತ.

"ಏನ್ರೀ ಇದು?"

"ಬೇಜಾರು ಮಾಡ್ಕೋಬೇಡಿ ಸಾರ್. ಇಲ್ಲಿ ಎರಡು ಬೀರು ಹಿಡಿಯುತ್ತಾ ಅಂತ ನೋಡ್ತಿದ್ದೆ. ದೇಶಕ್ಕೆಲ್ಲ ಒಂದೇ ಅಧಿಕೃತ ಭಾಷೆ ಅಂತ ಕಾನೂನು ಬಂದ್ರೆ ನಿಮಗೆ ಇಲ್ಲೇನು ಕೆಲಸ?"

ಅಂಥ ಕಾನೂನು ಬೇಕೋ ಬೇಡವೋ ಎಂದು ಜನರನ್ನು ಕೇಳಲು ಮೂವರ ಸಮಿತಿಯೊಂದು ಆ ದಿನವೇ ಬರುವುದಿತ್ತು. ಬೆಟ್ಟದವರದು ಒಂದು ಭಾಷೆ, ಹೊಳೆಯಾಚೆಯವರದು ಇನ್ನೊಂದು, ಬಂದರಿನವರದು ಮತ್ತೊಂದು. ಮೂರನ್ನೂ ಕಚೇರಿಯ ಭಾಷೆಗೆ ತಿರುಗಿಸಿ ಹೇಳುವುದೇ ಇಪ್ಪತ್ತಾರು ವರ್ಷಗಳಿಂದ ದುಭಾಷಿಯ ಕೆಲಸ. ಆ ಕೆಲಸಕ್ಕೇ ಕುತ್ತು ಬಂದೀತೆಂದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಟೈಪಿಸ್ಟಮ್ಮ ಬಾಗಿಲಲ್ಲಿ ಇಣುಕಿ ಸಮಾಧಾನ ಹೇಳಿದರು. "ಹೆದರ್ಬೇಡಿ. ನಿಮ್ಮ ವಯಸ್ಸಿನವರನ್ನ ಗೋದಾಮಿನ ಗೇಟಿಗೆ ಹಾಕ್ತಾರಂತೆ. ಅಲ್ಲಿ ಮಾತಾಡೋ ಅಗತ್ಯಾನೇ ಇರಲ್ಲ."

ಐವತ್ತೈದು ದಾಟಿದ ಮೇಲೆ ಇನ್ಯಾವ ಕೆಲಸ ಕಲಿಯುವುದು? ದುಭಾಷಿಗೆ ಬರುತ್ತಿದ್ದದ್ದು ಮಾತೊಂದೇ, ಅದೂ ಬೇರೆಯವರದು.

ಮೊದಲ ಸಾಕ್ಷಿ ಬೆಟ್ಟದ ಮೇಲೆ ಜೇನು ಸಾಕುವವನು. ತನ್ನ ಭಾಷೆಯಲ್ಲಿ ನೇರವಾಗಿ ಹೇಳಿದ. "ಕಾನೂನು ಬೇಕೇ ಬೇಕು. ಆಸ್ಪತ್ರೇಲಿ ಒಂದು ಭಾಷೆ, ಕೋರ್ಟಲ್ಲಿ ಇನ್ನೊಂದು. ಯಾವುದಾದ್ರೂ ಒಂದು ಅಂತ ಮಾಡಿ, ಕಲ್ತ್ಕೋತೀನಿ."

ಸಮಿತಿ ದುಭಾಷಿಯತ್ತ ತಿರುಗಿತು. ಇಷ್ಟು ವರ್ಷಗಳಲ್ಲಿ ಅವನು ಯಾರದೇ ಮಾತಿನ ಒಂದಕ್ಷರವನ್ನೂ ಬದಲಿಸಿದವನಲ್ಲ.

"ಕಾನೂನು ಬೇಡವೇ ಬೇಡ ಅಂತಾರೆ," ಎಂದ.

ಛಾವಣಿಯೇನೂ ಕಳಚಿ ಬೀಳಲಿಲ್ಲ. ಅಧ್ಯಕ್ಷೆ ತಲೆದೂಗಿದರು. ಆದರೆ ಪಕ್ಕದಲ್ಲಿದ್ದ ದಪ್ಪ ಕನ್ನಡಕದ ಸದಸ್ಯರೊಬ್ಬರು ದುಭಾಷಿಯನ್ನೇ ದಿಟ್ಟಿಸಿ ನೋಡಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ದುಭಾಷಿ ಸುಮ್ಮಸುಮ್ಮನೆ ಬಾಯಿ ಒರೆಸಿಕೊಂಡ.

ಎರಡನೆಯವಳು ಹೊಳೆಯಾಚೆಯ ಅಜ್ಜಿ. ಸಭೆ ಯಾತಕ್ಕೆ ಎಂದೇ ಅವಳಿಗೆ ತಿಳಿದಿರಲಿಲ್ಲ. ಪಕ್ಕದ ಮನೆಯ ಮೇಕೆ ತನ್ನ ಹಿತ್ತಲಿನ ಸೊಪ್ಪನ್ನೆಲ್ಲ ಮೇಯುವ ಕತೆಯನ್ನು ಹತ್ತು ನಿಮಿಷ ಹೇಳಿ, "ಒಂದು ಬೇಲಿ ಹಾಕ್ಸಿಕೊಡ್ರಪ್ಪ" ಎಂದು ಕಣ್ಣೊರೆಸಿಕೊಂಡಳು.

"ಭಾಷೆಗೆ ಬೇಲಿ ಹಾಕಬೇಡಿ ಅಂತಾರೆ," ಎಂದ ದುಭಾಷಿ.

ಅಧ್ಯಕ್ಷೆಯ ಕಣ್ಣೂ ಒದ್ದೆಯಾಯಿತು. ಕನ್ನಡಕದವರು ಮತ್ತೆ ಬರೆದುಕೊಂಡರು.

ನಿಜವಾದ ಕಷ್ಟ ಬಂದದ್ದು ಬಂದರಿನ ನಿವೃತ್ತ ಮೇಷ್ಟರಿಂದ. ಅವರು ಅರ್ಧ ಗಂಟೆ, ಒಂದೊಂದೇ ಬೆರಳು ಮಡಿಸುತ್ತ, ಕಾನೂನು ಬೇಕೆನ್ನಲು ಏಳು ಕಾರಣ ಕೊಟ್ಟರು. ಮಡಿಸಿದ ಏಳು ಬೆರಳು ಸಮಿತಿಗೂ ಕಂಡಿತ್ತು. ಈಗ ಬೇಡವೆನ್ನಲು ದುಭಾಷಿ ಏಳು ಕಾರಣ ಹುಡುಕಬೇಕಾಯಿತು. ನಾಲ್ಕನ್ನು ಹೇಗೋ ಹೊಂದಿಸಿದ. ಐದನೆಯದಾಗಿ ಮೊದಲನೆಯದಕ್ಕೇ ಬೇರೆ ಅಂಗಿ ತೊಡಿಸಿ ಕಳಿಸಿದ. ಆರನೆಯದು "ಮೇಲಿನ ಐದನ್ನೂ ಮರೆಯಬಾರದು" ಎಂದಾಯಿತು. ಏಳನೆಯದಕ್ಕೆ ಏನೂ ಉಳಿದಿರಲಿಲ್ಲ.

"ಏಳನೆಯದು... ಸಮಿತಿಗೆ ಧನ್ಯವಾದ ಅಂತಾರೆ."

ಮೇಷ್ಟರು ಮೇಜು ಗುದ್ದಿದರು. "ಅರ್ಧ ಗಂಟೆ ಹೇಳಿದ್ದು ಎರಡು ನಿಮಿಷಕ್ಕೆ ಮುಗೀತಾ? ಏನೋ ನುಂಗ್ತಿದ್ದೀಯ ನೀನು."

"ಏನಂತೆ?" ಅಧ್ಯಕ್ಷೆ ಕೇಳಿದರು.

"ಕಾನೂನು ತಂದ್ರೆ ಉಪವಾಸ ಕೂರ್ತಾರಂತೆ ಮೇಡಂ."

ಕನ್ನಡಕದವರು ಈ ಸಲ ಬರೆದುಕೊಂಡದ್ದಲ್ಲದೆ ಅದರ ಕೆಳಗೆ ಗೆರೆಯನ್ನೂ ಎಳೆದರು.

ಸಂಜೆಯ ಹೊತ್ತಿಗೆ ಹನ್ನೊಂದು ಜನ ಸಾಕ್ಷಿಗಳ ಹೇಳಿಕೆ ಮುಗಿಯಿತು. ದುಭಾಷಿಗೆ ಮಧ್ಯಾಹ್ನದ ಊಟ ಸೇರಿರಲಿಲ್ಲ. ಗುಮಾಸ್ತ ಬಂದು ಕಿವಿಯಲ್ಲಿ ಉಸುರಿದ. "ಕನ್ನಡಕದವರು ನಿಮ್ಮ ಫೈಲು ತರಿಸ್ಕೊಂಡಿದ್ದಾರೆ ಸಾರ್. ಒಳಗೆ ಕರೀತಿದ್ದಾರೆ."

"ಹಿಂದೆ ಒಬ್ಬರು ತಪ್ಪು ತರ್ಜುಮೆ ಮಾಡಿ ಜೈಲಿಗೆ ಹೋಗಿದ್ರು," ಎಂದು ಟೈಪಿಸ್ಟಮ್ಮ ನೆನಪಿಸಿಕೊಂಡರು. "ಪಾಪ, ಒಳ್ಳೇವ್ರು."

ದುಭಾಷಿ ಒಳಗೆ ಹೋದ. ಹೆಂಡತಿಗೆ ಏನೆಂದು ಹೇಳಿ ಕಳಿಸುವುದು ಎಂಬುದೊಂದೇ ಚಿಂತೆ. ಅಧ್ಯಕ್ಷೆ ನಗುತ್ತಿದ್ದರು.

"ಕೂತ್ಕೊಳ್ಳಿ. ಇವತ್ತು ದೊಡ್ಡ ಜಗಳಾನೇ ಆಗುತ್ತೆ ಅಂತ ಬಂದಿದ್ವಿ. ನೋಡಿದ್ರೆ ಹನ್ನೊಂದು ಜನಾನೂ ಕಾನೂನು ಬೇಡ ಅಂದ್ರು. ಹಾಗೇ ಶಿಫಾರಸು ಮಾಡ್ತಿದ್ದೀವಿ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ದುಭಾಷಿ ಬೆಳಗಿನಿಂದ ಮೊದಲ ಸಲ ನೆಟ್ಟಗೆ ಉಸಿರಾಡಿದ.

"ಎರಡನೇ ಶಿಫಾರಸು ಇವರದು," ಎಂದು ಅಧ್ಯಕ್ಷೆ ಪಕ್ಕಕ್ಕೆ ಕೈ ತೋರಿದರು.

ಕನ್ನಡಕದವರು ಪುಸ್ತಕ ತೆರೆದರು. "ಪ್ರತಿಯೊಬ್ಬರದ್ದೂ ಬರ್ಕೊಂಡಿದ್ದೀನಿ. ಮೂರು ಭಾಷೆ, ಹನ್ನೊಂದು ಜನ, ಮಾತು ಮಾತ್ರ ಒಂದೇ. ಯಾವ ಭಾಷೇಲಿ ಕೇಳಿದ್ರೂ ಜನ ಹೇಳೋದು ಅದನ್ನೇ ಅಂದ್ಮೇಲೆ ತರ್ಜುಮೆ ಯಾಕೆ? ನಮ್ಮ ಭಾಷೆ ಬರೋ ಒಬ್ಬರನ್ನ ಕೇಳಿದ್ರೆ ಸಾಕು. ದುಭಾಷಿ ಹುದ್ದೇನ ಈ ತಿಂಗಳಿಂದಲೇ ರದ್ದು ಮಾಡಬಹುದು."

ನಿಜ ಹೇಳಿಬಿಡೋಣ ಎಂದು ದುಭಾಷಿ ಬಾಯಿ ತೆರೆದ. ಹೇಳಿದರೆ ಜೈಲು, ಹೇಳದಿದ್ದರೆ ಮನೆ. ಮತ್ತೆ ಮುಚ್ಚಿಕೊಂಡ.

ಅಧ್ಯಕ್ಷೆ ವರದಿಯನ್ನು ಅವನ ಕೈಗಿಟ್ಟರು. "ಬೇಜಾರು ಮಾಡ್ಕೋಬೇಡಿ. ಹೋಗೋ ಮುಂಚೆ ಇದನ್ನ ಮೂರೂ ಭಾಷೆಗೆ ತರ್ಜುಮೆ ಮಾಡ್ಕೊಟ್ಟು ಹೋಗಿ. ನಿಮ್ಮಷ್ಟು ನಿಯತ್ತಿನವರು ಇನ್ನು ಸಿಗಲ್ಲ."