ಕಿಟಕಿಗೊಂದು ಅರ್ಜಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಎಲೆಯಡಿಕೆಯ ಚಟ. ನನಗೆ ಅನುಮತಿ ಕೇಳುವ ಚಟ. ಇದರಿಂದ ಯಾರಿಗೂ ತೊಂದರೆಯಿಲ್ಲವೆಂದು ಬಹಳ ಕಾಲ ನಂಬಿದ್ದೆ. ಸಣ್ಣಪುಟ್ಟ ರೈಲ್ವೆ ಸ್ಟೇಷನ್ನುಗಳಲ್ಲಿ ಮಾಸ್ತರನಾಗಿದ್ದು ನಿವೃತ್ತನಾದವನು ನಾನು. ಮುಂದಿನ ಸ್ಟೇಷನ್ನಿನವನು ಒಪ್ಪದೆ ಗಾಡಿ ಬಿಡುವಂತಿಲ್ಲ, ಮೇಲಿನವರು ಬರೆಯದೆ ಕುರ್ಚಿ ಸರಿಸುವಂತಿಲ್ಲ. ಈ ಶಿಸ್ತು ಸಮವಸ್ತ್ರದೊಡನೆ ಕಳಚಿ ಹೋಗಲಿಲ್ಲ. ಮದುವೆಮನೆಯ ಪಂಕ್ತಿಯಿಂದ ಏಳುವಾಗ ಈಗಲೂ ಪಕ್ಕದವರನ್ನು ‘ಏಳಲೇ?’ ಎಂದು ಕೇಳುತ್ತೇನೆ. ಒಮ್ಮೆ ಸರಗೂರಿನ ಬಸ್ಸಿನಲ್ಲಿ, ಅರ್ಧ ಬಸ್ಸೇ ಖಾಲಿಯಿದ್ದರೂ, ಕೂರಬಹುದೇ ಎಂದು ಕಂಡಕ್ಟರನನ್ನು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕುಂತ್ಕಳಿ ಸ್ವಾಮಿ, ಇದೇನು ನಮ್ಮ ಮಾವನ ಮನೆಯಲ್ಲ” ಎಂದ.

ರೈಲ್ವೆ ಕ್ವಾರ್ಟರ್ಸಿನಲ್ಲಿ ಬದುಕಿದವರಿಗೆ ಗೊತ್ತು, ಅಲ್ಲಿ ಗೋಡೆಯೂ ಇಲಾಖೆಯದು, ಗೋಡೆಯ ಹಳದಿ ಬಣ್ಣವೂ ಇಲಾಖೆಯದು. ದೇವರ ಪಟಕ್ಕೆ ಮೊಳೆ ಹೊಡೆಯಲು ನಾನು ಅರ್ಜಿ ಹಾಕಿದ್ದೆ. ಅನುಮತಿ ಬರುವಷ್ಟರಲ್ಲಿ ನಮಗೆ ವರ್ಗವಾಗಿತ್ತು. ನನ್ನ ಹೆಂಡತಿ ಸೀತಮ್ಮ ಇದನ್ನೆಲ್ಲ ಸಹಿಸಿಕೊಂಡಳು, ಒಂದನ್ನು ಬಿಟ್ಟು. ಎಲ್ಲ ಕ್ವಾರ್ಟರ್ಸುಗಳ ಕಿಟಕಿಯೂ ಹಳಿಯ ಕಡೆಗೇ ಇರುತ್ತಿತ್ತು. “ಇಷ್ಟು ವರ್ಷ ಗೂಡ್ಸ್ ಗಾಡಿ ನೋಡಿದ್ದಾಯ್ತು. ಅದರಲ್ಲಿ ಒಂದು ಮುಖ ಆದರೂ ಕಾಣುತ್ತಾ? ನಮ್ಮದು ಅಂತ ಒಂದು ಮನೆಯಾದರೆ ಬೀದಿ ಕಡೆಗೆ ಒಂದು ಕಿಟಕಿ ಇರಲಿ. ಹೋಗೋರು ಬರೋರು ಕಾಣಲಿ. ಇನ್ನೇನೂ ಕೇಳಲ್ಲ” ಎನ್ನುತ್ತಿದ್ದಳು. ನಿಜವಾಗಿಯೂ ಅವಳು ಇನ್ನೇನೂ ಕೇಳಲಿಲ್ಲ. ಆದ್ದರಿಂದ ಈ ಒಂದನ್ನು ಮರೆಯಲು ನನಗೆ ಯಾವ ನೆಪವೂ ಇರಲಿಲ್ಲ.

ಮರೆತೆ. ನಿವೃತ್ತನಾದ ಮೇಲೆ ಹುಣಸೂರಿಗೆ ಒಂದೇ ಬಸ್ಸಿನ ದೂರವಿರುವ ಒಂದು ಪೇಟೆಯಲ್ಲಿ ಮನೆ ಕೊಂಡೆ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿನ ಪುರಸಭೆಯವರ ಮುಖ ನಾನು ದಿನವೂ ನೋಡಬೇಕು. ಕೊಳ್ಳುವ ಮೊದಲು ಕೋಣೆಗಳನ್ನು ಅಳೆದೆ, ಬಾವಿಯ ನೀರು ಕುಡಿದು ನೋಡಿದೆ, ಒಡೆದ ಹೆಂಚುಗಳನ್ನು ಎಣಿಸಿದೆ. ಪತ್ರ ರಿಜಿಸ್ಟರಾದ ಮೇಲೆ ಸೀತಮ್ಮ ಮೊದಲ ಸಲ ಬಂದು, ಮುಂದಿನ ಕೋಣೆಯ ನಡುವೆ ನಿಂತು, ಸುತ್ತ ನೋಡಿ, “ಕಿಟಕಿ ಎಲ್ಲಿ?” ಎಂದಳು. ಬೀದಿಯ ಕಡೆ ಒಂದು ಬಾಗಿಲು, ಹೊರಗೆ ಜಗುಲಿ, ಉಳಿದದ್ದು ಬೋಳು ಗೋಡೆ. ಅವಳು ಹಾಲುಕ್ಕಿಸಲು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಪಕ್ಕದ ಮನೆಯ ಜವರೇಗೌಡರು ವಿಷಯ ತಿಳಿದು ಆ ಸಂಜೆಯೇ ಗಾರೆ ಕೆಲಸದ ಪುಟ್ಟಸ್ವಾಮಿಯನ್ನು ಕರೆತಂದರು. ಪುಟ್ಟಸ್ವಾಮಿ ಗೋಡೆಯನ್ನು ನೋಡಿ, “ಭಾನ್ವಾರ ಬತ್ತೀನಿ. ಒತ್ತಾರೆ ಒಡೆದ್ರೆ ಸಂಜೆಗೆ ಕಿಟಕಿ ಮಾಡ್ಬುಡ್ತೀನಿ” ಎಂದ.

“ಪುರಸಭೆಯ ಅನುಮತಿ?” ಎಂದೆ ನಾನು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮಾಸ್ಟ್ರೇ, ಈ ಬೀದೀಲಿ ಯಾರು ಕೇಳವ್ರೆ?” ಎಂದರು ಗೌಡರು. “ನಾನು ಕೊಟ್ಟಿಗೆ ಕಟ್ಟುವಾಗ ಒಳಗಿರೋ ಎತ್ತುಗಳ್ನೂ ಕೇಳ್ನಿಲ್ಲ ಕಣ್ರೀ.”

ನಾನು ಕೇಳಿದೆ. ನಮ್ಮದು ಹಿಂದೆ ಗೆರೆ ಎಳೆದು ಕಟ್ಟಿಸಿದ ಬಡಾವಣೆ. ಬೀದಿಗೆ ಮುಖವಾದ ಗೋಡೆ, ಬಾಗಿಲು, ಕಿಟಕಿ, ಜಗುಲಿಗಳನ್ನು ಲಿಖಿತ ಪರವಾನಗಿಯಿಲ್ಲದೆ ಬದಲಿಸಕೂಡದೆಂದು ಒಂದು ನಿಯಮ ಇತ್ತು. ಪುರಸಭೆಯ ಗುಮಾಸ್ತರಿಗೇ ಅದು ಮರೆತುಹೋಗಿತ್ತು. ನನ್ನ ಒತ್ತಾಯಕ್ಕೆ ಹುಡುಕಿ, ಧೂಳು ಕೊಡವಿ ತೋರಿಸಿದರು. ಅದನ್ನು ಮೂರು ಸಲ ಓದಿ ಸಂತೋಷಪಟ್ಟೆ. ಸಾಲುಮನೆಗಳ ಮುಖ ಒಂದೇ ನೇರದಲ್ಲಿರಲಿ ಎಂದು ಯಾರೋ ಆಸೆಪಟ್ಟಿದ್ದರಲ್ಲ, ಆ ಪುಣ್ಯಾತ್ಮ ಎಂಥವನಿರಬಹುದು, ಅವನೂ ನನ್ನಂತೆ ಐದು ಗಂಟೆಗೆ ಏಳುತ್ತಿದ್ದನೇ ಎಂದೆಲ್ಲ ಕುತೂಹಲವಾಯಿತು. ಮೂರು ಪ್ರತಿ ಅರ್ಜಿ, ಜೊತೆಗೆ ನಾನೇ ಸ್ಕೇಲಿಟ್ಟು ಬರೆದ ನಕ್ಷೆ ಕೊಟ್ಟು ಬಂದೆ.

ಹನ್ನೆರಡನೆಯ ದಿನ ಓವರ್‌ಸಿಯರ್ ಟೇಪು ಹಿಡಿದು ಬಂದರು. ಗೋಡೆಯನ್ನು ಐದು ನಿಮಿಷದಲ್ಲಿ ಅಳೆದರು. ಬಿಚ್ಚಿದ ಟೇಪನ್ನು ಅಷ್ಟು ಬೇಗ ಸುತ್ತಲು ಮನಸ್ಸಾಗಲಿಲ್ಲವೋ ಏನೋ, ಜಗುಲಿಯಿಂದ ಚರಂಡಿಗೆ ಅಳೆದರು. ಹುಬ್ಬು ಗಂಟಿಕ್ಕಿ ಗೌಡರ ಜಗುಲಿಗೆ ಹೋದರು. ಆಮೇಲೆ ಅದರ ಪಕ್ಕದ್ದಕ್ಕೆ. ನಾನು ಟೇಪಿನ ಇನ್ನೊಂದು ತುದಿ ಹಿಡಿದು ಸಹಕರಿಸಿದೆ. ಮುಂದಿನ ವಾರ ನಮ್ಮ ಸಾಲಿನ ಏಳೂ ಮನೆಗೆ ನೋಟೀಸು ಬಂತು: ಜಗುಲಿಗಳು ಚರಂಡಿಯ ಜಾಗವನ್ನು ಒಂದೂವರೆ ಅಡಿ ಆಕ್ರಮಿಸಿವೆ, ಮೂವತ್ತು ದಿನದೊಳಗೆ ಒಡೆಯತಕ್ಕದ್ದು. ನನ್ನ ನೋಟೀಸಿನಲ್ಲಿ ಒಂದು ಸಾಲು ಹೆಚ್ಚಿತ್ತು. ಜಗುಲಿ ಒಡೆದ ಬಳಿಕ ಕಿಟಕಿಯ ಅರ್ಜಿಯನ್ನು ಪರಿಶೀಲಿಸಲಾಗುವುದು.

ಅಂದು ಸಂಜೆ ಬೀದಿಯೆಲ್ಲ ನಮ್ಮ ಮನೆಯ ಮುಂದಿತ್ತು. ಯಾರೂ ಕೂಗಾಡಲಿಲ್ಲ. ಎಲ್ಲರೂ ನನ್ನ ಜಗುಲಿಯ ಮೇಲೆಯೇ ಸಾಲಾಗಿ ಕೂತರು. ಗೌಡರು ಬೀಡಿ ಹಚ್ಚಿ, “ಮಾಸ್ಟ್ರೇ, ಸಂತೆ ದಿನ ಹಾರನಹಳ್ಳಿಯಿಂದ ನಮ್ಮ ಅಕ್ಕದೀರು ಬಂದ್ರೆ ನಮ್ಮ ಜಗುಲಿ ಮ್ಯಾಲೇ ಕುಂತು ದಣಿವಾರಿಸ್ಕಳೋದು. ನಮ್ಮಯ್ಯ ಊಟ ಆಗಿ ಅಲ್ಲೇ ಮಲಗೋದು. ಅವನಿಗೆ ಯೆಂಗೆ ಯೋಳನಾ, ಪಕ್ಕದ ಮನೆಯವ್ರು ಕಿಟಕಿ ಮಡಗ್ತಾವ್ರೆ, ನೀನು ಎದ್ದೋಗು ಅಂತ?” ಎಂದರು.

ಬಾಗಿಲ ಬಳಿ ನಿಂತಿದ್ದ ಸೀತಮ್ಮ ಹೊರಗೆ ಬಂದಳು. “ಏಳು ಮನೆ ಜಗುಲಿ ಒಡೆಸಿ ನನಗೆ ಕಿಟಕಿ ಬೇಡ. ಅರ್ಜಿ ವಾಪಸು ತಗೊಳ್ಳಿ” ಎಂದಳು. ಹಿಂದೆ ತೆಗೆದುಕೊಂಡರೂ ನೋಟೀಸು ಹಿಂದೆ ಹೋಗುವುದಿಲ್ಲವೆಂದು ನನಗೆ ಗೊತ್ತಿತ್ತು. ಗಾಡಿ ಸ್ಟೇಷನ್ ಬಿಟ್ಟಾಗಿತ್ತು. ಕಿಟಕಿಗೂ ಜಗುಲಿಗೂ ಸೇರಿ ನಾನೊಬ್ಬನೇ ಹೊಣೆ.

ಮರುದಿನ ಬೆಳಿಗ್ಗೆ ವಾಯುವಿಹಾರ ರದ್ದು ಮಾಡಿ ಟೇಪು ಹಿಡಿದು ಹೊರಟೆ. ಜಗುಲಿಗಳೆಲ್ಲ ದಾರ ಹಿಡಿದಂತೆ ಒಂದೇ ನೇರದಲ್ಲಿದ್ದವು. ಏಳು ಮನೆಯವರೂ ಸರಿಯಾಗಿ ಅಷ್ಟಷ್ಟೇ ಆಕ್ರಮಿಸಲು ಸಾಧ್ಯವೇ? ಇಷ್ಟು ಶಿಸ್ತಿನ ಕಳ್ಳತನವನ್ನು ನಾನು ಕಂಡಿರಲಿಲ್ಲ. ಸಂಶಯ ಬಂದು ಚರಂಡಿಯ ಜಾಡು ಹಿಡಿದು ಬೀದಿಯ ಮೂಲೆಯವರೆಗೆ ನಡೆದೆ. ಅಲ್ಲೊಂದು ದೊಡ್ಡ ಹೊಂಗೆಮರ. ಮೊಣಕಾಲೂರಿ ನೋಡಿದರೆ, ಹಳೆಯ ಚರಂಡಿಯ ಕಲ್ಲುಗಳು ಅದರ ಬೇರಿನೊಳಗೇ ಸಿಕ್ಕಿಕೊಂಡಿದ್ದವು. ಹಿಂದೆ ಚರಂಡಿಗೆ ಚಪ್ಪಡಿ ಹಾಕಿಸುವಾಗ ಕಂಟ್ರಾಕ್ಟರು ಮರ ಕಡಿಯಲು ಬೇಸರಪಟ್ಟು, ಇಡೀ ಚರಂಡಿಯನ್ನೇ ಮನೆಗಳ ಕಡೆಗೆ ಸರಿಸಿದ್ದ. ಜಗುಲಿಗಳು ಮುಂದೆ ಹೋಗಿರಲಿಲ್ಲ, ಚರಂಡಿಯೇ ಹತ್ತಿರ ಬಂದಿತ್ತು.

ಪುರಸಭೆಗೆ ಹೋಗಿ ಬಡಾವಣೆಯ ಮೂಲ ನಕ್ಷೆ ತೆಗೆಸಿದೆ. ನೀಲಿ ಹಾಳೆ, ಮಡಿಕೆಗಳಲ್ಲಿ ಹರಿದಿತ್ತು. ಅದರಲ್ಲಿ ಚರಂಡಿ ಹೊಂಗೆಮರದ ಜಾಗದಲ್ಲೇ ಇತ್ತು. ಓವರ್‌ಸಿಯರ್ ಬಹಳ ಹೊತ್ತು ನೋಡಿ, “ಚರಂಡಿಗೆ ನೋಟೀಸು ಕೊಡೋಕಾಗಲ್ಲವಲ್ಲ ಸಾರ್” ಎಂದು ಏಳನ್ನೂ ರದ್ದು ಮಾಡಲು ಒಪ್ಪಿದರು. ನಾನು ಎದ್ದು ಹೊರಡಬೇಕಾಗಿತ್ತು. ಆದರೆ ಹಳೆಯ ಕಾಗದ ಕಂಡರೆ ನನಗೆ ಇನ್ನೊಂದು ಹಾಳೆ ತಿರುವುವ ಆಸೆ. ತಿರುವಿದೆ. ನಮ್ಮ ಮನೆಯದೇ ನಕ್ಷೆ, ಮಂಜೂರಾತಿ ಮೊಹರು ಸಮೇತ. ಬೀದಿ ಕಡೆಯ ಗೋಡೆಯಲ್ಲಿ, ಬಾಗಿಲ ಎಡಕ್ಕೆ, ಅಚ್ಚುಕಟ್ಟಾಗಿ ಒಂದು ಕಿಟಕಿ.

ಓವರ್‌ಸಿಯರ್ ಕನ್ನಡಕ ತೆಗೆದು ಒರೆಸಿದರು. “ನೋಡಿ, ಕಿಟಕಿ ಇಡೋಕೆ ನಿಮಗೆ ಪರವಾನಗಿ ಬೇಕಾಗಿಲ್ಲ. ಇಷ್ಟು ದಿನ ಇಡದೇ ಇದ್ದದ್ದಕ್ಕೆ ನೋಟೀಸು ಕೊಡಬಹುದು ಅಷ್ಟೇ. ನಿಮ್ಮ ಮನೆ ನಕ್ಷೆಗೆ ವಿರುದ್ಧವಾಗಿದೆ.” ಆಯುಷ್ಯದಲ್ಲಿ ಮೊದಲ ಸಲ ನಾನು ನಿಯಮಭಂಗ ಮಾಡಿದ್ದೆ, ಅದೂ ಮನೆಯಲ್ಲಿ ಸುಮ್ಮನೆ ಕೂತು.

ಭಾನುವಾರ ಪುಟ್ಟಸ್ವಾಮಿ ಬಂದ. ಗೋಡೆ ಅಳೆಯಲಿಲ್ಲ, ಗುರುತು ಹಾಕಲಿಲ್ಲ. ನೇರ ಹೋಗಿ ಒಂದು ಕಡೆ ಸುತ್ತಿಗೆಯಿಂದ ತಟ್ಟಿದ. ಗಾರೆ ಹಪ್ಪಳದಂತೆ ಉದುರಿ, ಒಳಗೆ ತೇಗದ ಚೌಕಟ್ಟು, ಕಂಬಿಗಳ ಸಮೇತ ಹಾಗೇ ಕಾಣಿಸಿತು.

“ನಿನಗೆ ಹೇಗೆ ಗೊತ್ತಾಯಿತಯ್ಯ?”

“ಮುಚ್ಚಿದ್ದು ನಮ್ಮಪ್ಪನೇ ಕಣ್ರೀ. ಚಿಕ್ಕೋನಾಗಿ ನಾನೂ ಗಾರೆ ಕಲಸಿದ್ದೆ.”

“ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ?”

ಅವನು ಸುತ್ತಿಗೆ ಕೆಳಗಿಟ್ಟ. “ನೀವು ನನ್ನ ಎಲ್ಲಿ ಕೇಳಿದ್ರಿ ಸ್ವಾಮಿ? ಪುರಸಭೇನ ಕೇಳಿದ್ರಿ.”

ಇಷ್ಟಕ್ಕೆ ಬಿಡಬಹುದಿತ್ತು. ಅಷ್ಟು ಒಳ್ಳೆಯ ಕಿಟಕಿಯನ್ನು ಯಾರು, ಯಾಕೆ ಮುಚ್ಚಿಸಿದರೆಂಬ ಕುತೂಹಲ ತಡೆಯದೆ ಅದನ್ನೂ ಕೇಳಿದೆ. “ಮೊದ್ಲು ಇಲ್ಲಿದ್ದ ಮೇಷ್ಟ್ರ ಯೆಂಗಸ್ರು ಮುಚ್ಸುದ್ರು” ಎಂದ ಪುಟ್ಟಸ್ವಾಮಿ. “ಆವಯ್ಯ ಒತ್ತಾರೆಯಿಂದ ಸಂಜೆ ಗಂಟ ಕಿಟಕೀಲೇ ಕುಂತ್ಕತಿದ್ನಂತೆ. ಆಯಮ್ಮನಿಗೆ ವಸಿ ಬೀದಿ ನೋಡಾಕೂ ಜಾಗ ಬುಡ್ತಿರ್ನಿಲ್ವಂತೆ.” ಸೀತಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನೂ ನಕ್ಕೆ. ಎಂಥ ವಿಚಿತ್ರ ಮನುಷ್ಯನಪ್ಪ ಎಂದುಕೊಂಡೆ.

ಇದೆಲ್ಲ ಆಗಿ ಆರು ತಿಂಗಳಾಯಿತು. ಕಿಟಕಿ ಬಹಳ ಚೆನ್ನಾಗಿದೆ. ಇಲ್ಲಿಂದ ಹೊಂಗೆಮರದ ತನಕ ಕಾಣುತ್ತದೆ, ಗಾಳಿಯೂ ಬರುತ್ತದೆ. ಈ ಪ್ರಬಂಧವನ್ನು ಅಲ್ಲೇ ಕೂತು ಬರೆಯುತ್ತಿದ್ದೇನೆ. ಬೆಳಗಿನ ಕಾಫಿ, ಪೇಪರು, ಹನ್ನೊಂದರ ಮಜ್ಜಿಗೆ, ಎಲ್ಲವೂ ಈಗ ನನಗೆ ಇಲ್ಲಿಯೇ. ಸೀತಮ್ಮ ಹೆಚ್ಚಾಗಿ ಗೌಡರ ಜಗುಲಿಯ ಮೇಲಿರುತ್ತಾಳೆ. ಇಲ್ಲಿಂದ ಅವಳ ಮುಖ ಸ್ಪಷ್ಟವಾಗಿ ಕಾಣುತ್ತದೆ. ಈಗ ಅವಳು ಬೀದಿಯಲ್ಲಿ ಹೋಗುತ್ತಿದ್ದ ಪುಟ್ಟಸ್ವಾಮಿಯನ್ನು ನಿಲ್ಲಿಸಿ, ಈ ಕಡೆ ಕೈ ತೋರಿಸಿ, ಏನೋ ಕೇಳುತ್ತಿದ್ದಾಳೆ. ಅವನು ಬೆರಳು ಮಡಿಸಿ ಇಟ್ಟಿಗೆಯ ಲೆಕ್ಕ ಹಾಕುತ್ತಿರುವಂತಿದೆ.