ಇಲಿಗೆ ಸಿಕ್ಕ ರೇಷ್ಮೆ

ಗಾಯ ವಾಸಿ ಮಾಡೋರ ಹತ್ತಿರ ನಗುವಂಥ ಸಂಗತಿಗಳು ನಡೀತಾನೇ ಇರ್ತವೆ. ನಕ್ಕು ಮುಗಿದ ಮೇಲೆ ಎದೆ ಯಾಕೋ ಭಾರ ಅನಿಸುತ್ತೆ, ಅಷ್ಟೇ.

ಚಳ್ಳಕೆರೆಯ ಹೊರಗಿನ ಒಂದು ಪುಟ್ಟ ಲ್ಯಾಬಿನಲ್ಲಿ ನನ್ನ ಕೆಲಸ. ರೇಷ್ಮೆಗೂಡನ್ನು ಕರಗಿಸಿ, ಹಪ್ಪಳದಂಥ ಹಾಳೆ ಮಾಡ್ತೀವಿ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತು. ಗಾಯದ ಮೇಲಿಟ್ಟರೆ, ಚಪ್ಪರಕ್ಕೆ ಬಳ್ಳಿ ಹಬ್ಬಿದ ಹಾಗೆ ಮೈಯ ಮಾಂಸ ಅದರೊಳಗೆ ಹಬ್ಬಿ ಬೆಳೆಯುತ್ತೆ. ಬೆಳೆದಂತೆಲ್ಲ ಹಾಳೆ ತಾನಾಗಿ ಕರಗಿ ಹೋಗುತ್ತೆ.

ಬಾಳಿಕೆ

ಗೂಡು ತರೋಕೆ ನಾನು ಮೊಳಕಾಲ್ಮೂರಿಗೆ ಹೋಗ್ತಿದ್ದೆ. ಅಲ್ಲಿ ಗೂಡು ಬೇಯಿಸಿ ನೂಲು ತೆಗೆಯೋ ಅಜ್ಜಿಯೊಬ್ಬರು. ಬಿಸಿನೀರಲ್ಲಿ ಕೈ ಅದ್ದಿ ಅದ್ದಿ ಅವರ ಬೆರಳ ತುದಿಗಳು ಬೆಳ್ಳಗೆ ಬೆಂದ ಹಾಗಿದ್ದವು.

"ಏಮ್ಮಾ, ಇದ್ರಾಗೆ ಏನ್ ನೇಯ್ತೀಯ?"

"ನೇಯಲ್ಲ ಅಜ್ಜಿ. ಗಾಯಕ್ಕೆ ಹಾಕೋ ಪಟ್ಟಿ ಮಾಡ್ತೀವಿ. ಕೆಲವು ತಿಂಗಳಿಗೆ ಕರಗಿ ಏನೂ ಉಳಿಯಲ್ಲ."

ಅಜ್ಜಿ ಕೈಯಲ್ಲಿದ್ದ ಎಳೆಯನ್ನು ಹಾಗೇ ಬಿಟ್ಟು ನನ್ನ ಮುಖ ನೋಡಿದರು. "ಸೀರೆ ಮೊಮ್ಮಕ್ಕಳ ಕಾಲಕ್ಕೂ ಬಾಳಿಕೆ ಬರ್ಲಿ ಅಂತ ನಾವು ಕೈ ಸುಟ್ಕೊಂಡ್ವಿ. ನೀನು ಇಷ್ಟೆಲ್ಲಾ ಓದಿ, ರೇಷ್ಮೆ ಹಾಳು ಮಾಡೋದು ಕಲ್ತು ಬಂದ್ಯಾ ತಾಯಿ?"

ಸಕ್ಕರೆ ಬಿಟ್ಟವರು

ಹಾಳೆಯನ್ನು ಹೆಪ್ಪುಗಟ್ಟಿಸಿ ಒಣಗಿಸೋ ನಮ್ಮ ಯಂತ್ರ ಒಂದು ಸಲ ಕೆಟ್ಟು ನಿಂತಿತು. ಮಾರಿದವರು ಬರೋಕೆ ತಿಂಗಳಾಗುತ್ತೆ ಅಂದರು. ಪೇಟೆಯಲ್ಲಿ ಫ್ರಿಜ್, ಬೋರ್ ಮೋಟರ್ ರಿಪೇರಿ ಮಾಡೋ ಮೆಕ್ಯಾನಿಕ್ ಚಾಚಾನ ಕರೆಸಿದೆವು. ಅರ್ಧ ದಿನ ನೆಲದ ಮೇಲೆ ಕೂತು ಪಂಪು ಬಿಚ್ಚಿ ಜೋಡಿಸಿ, ಯಂತ್ರ ಓಡಿಸಿಯೇ ಎದ್ದರು. ಏಳುವಾಗ ಎಡಗಾಲು ಊರಲಿಲ್ಲ. ಅಂಗಾಲಲ್ಲಿ ಗಾಯ. ಸಕ್ಕರೆ ಕಾಯಿಲೆ, ಎಷ್ಟೋ ತಿಂಗಳಿಂದ ಮಾಯ್ತಿರಲಿಲ್ಲ.

"ಈ ಮಶೀನ್ ಏನು ಮಾಡ್ತೈತೆ ಬೇಟಿ?"

ಹೇಳಿದೆ. ಹೇಳಬಾರದಿತ್ತು. ಅವರ ಮುಖ ಅರಳಿಬಿಟ್ಟಿತು.

"ಅರೆ! ಒಂದು ತುಂಡು ಇದ್ರ ಮೇಲೂ ಹಾಕು."

"ಮನುಷ್ಯರಿಗೆ ಹಾಕೋಕೆ ಇನ್ನೂ ಅನುಮತಿ ಬಂದಿಲ್ಲ ಚಾಚಾ. ಈಗ ಇಲಿ ಮೇಲೆ ಪರೀಕ್ಷೆ ನಡೀತೈತೆ."

ಇಲಿ ತೋರಿಸು ಅಂತ ಹಟ ಹಿಡಿದರು. ಗಾಜಿನಾಚೆಯಿಂದ ತೋರಿಸಿದೆ. ಅದರ ಬೆನ್ನ ಮೇಲಿನ ಗಾಯ ಮಾಯ್ದು ಹೊಸ ಚರ್ಮ ಬಂದಿತ್ತು. ಚಾಚಾ ಬಹಳ ಹೊತ್ತು ನೋಡಿದರು.

"ಇದಕ್ಕೂ ಶುಗರ್ ಐತಾ?"

"ಐತೆ."

"ನಾನು ಟೀಗೆ ಸಕ್ಕರೆ ಬಿಟ್ಟೀನಿ, ಬಿರಿಯಾನಿ ಬಿಟ್ಟೀನಿ. ಇದು ಏನ್ ಬಿಟ್ಟೈತೆ? ಆದ್ರೂ ರೇಷ್ಮೆ ಇದಕ್ಕೆ! ಬೇಟಿ, ನಿಮ್ಮ ರಿಜಿಸ್ಟರಿನಾಗೆ ನನ್ನ ಹೆಸರೂ ಇಲಿ ಅಂತಾನೇ ಬರ್ಕೋ."

ಚಾಚಿ ಕೇಳಿದ್ದು

ನಮ್ಮ ಕಾಗದಗಳು ಮೇಜಿನಿಂದ ಮೇಜಿಗೆ ಹೋಗ್ತಾ ಇದ್ದವು. ಅಷ್ಟರಲ್ಲಿ ಚಾಚಾನ ಗಾಯ ಮೇಲಕ್ಕೆ ಹತ್ತಿತು. ಮೊದಲು ಒಂದು ಬೆರಳು ತೆಗೆದರು, ಆಮೇಲೆ ಮೊಣಕಾಲಿನ ಕೆಳಗೆ ಪೂರ್ತಿ.

ಆಸ್ಪತ್ರೆಗೆ ನೋಡೋಕೆ ಹೋದೆ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿ ಮಲಗಿತ್ತು. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಬಾ ಅನ್ನಲಿಲ್ಲ. ಒಂದೇ ಮಾತು ಕೇಳಿದರು.

"ಆ ಇಲಿ ಹೆಂಗೈತೆ?"

ಸುಳ್ಳು ಹೇಳೋಕಾಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಇಲಿಗಳನ್ನು ನಾವು ಉಳಿಸೋ ಹಾಗಿಲ್ಲ. "ಇಲ್ಲ ಚಾಚಿ, ಹೋಯ್ತು" ಅಂದೆ.

ಕಣ್ಣು ಮುಚ್ಚಿ ಮಲಗಿದ್ದ ಚಾಚಾ ಕೇಳಿದರು. "ಗಾಯ ವಾಸಿಯಾದ ಮೇಲಾ?"

"ಹೂಂ."

ಅವರು ಕಣ್ಣು ಬಿಟ್ಟು ಹೆಂಡತಿ ಕಡೆ ತಿರುಗಿದರು. "ನೋಡ್ದ್ಯಾ? ಕಾಲು ಹೋದ್ರೂ ನಾನಿದ್ದೀನಿ. ಆ ಇಲಿ ಹೆಂಡ್ತಿ ಗತಿ ಏನು ಹೇಳು!"

ಚಾಚಿ ನಗೋಕೆ ಹೋಗಿ ಅತ್ತುಬಿಟ್ಟರು. ನಾನೂ.

ಮದುವೆ ರೇಷ್ಮೆ

ಮನುಷ್ಯರ ಮೇಲೆ ಪರೀಕ್ಷೆ ಮಾಡೋಕೆ ಕೊನೆಗೂ ಅನುಮತಿ ಬಂತು. ಅಷ್ಟು ಹೊತ್ತಿಗೆ ಚಾಚಾನ ಕತ್ತರಿಸಿದ ಕಾಲಿನ ತುದಿಯೂ ಮಾಯದೆ ನಿಂತಿತ್ತು. ಆಸ್ಪತ್ರೆಯಲ್ಲಿ ನಡೆಯೋ ಪರೀಕ್ಷೆಗೆ ಅವರನ್ನೂ ಸೇರಿಸಿಕೊಂಡರು.

ನಿಯಮ ನಾನೇ ಬಿಡಿಸಿ ಹೇಳಿದ್ದೆ. ಚೀಟಿ ಎತ್ತಿ ಅರ್ಧ ಜನಕ್ಕೆ ರೇಷ್ಮೆ, ಅರ್ಧ ಜನಕ್ಕೆ ಎಂದಿನ ಹತ್ತಿ ಬಟ್ಟೆ. ಯಾರಿಗೆ ಯಾವುದು ಅನ್ನೋದು ಪಟ್ಟಿ ಕಟ್ಟೋ ನರ್ಸಿಗೆ ಬಿಟ್ಟು ಯಾರಿಗೂ ಗೊತ್ತಿರಲ್ಲ, ನನಗೂ. ಚಾಚಾ ಎಲ್ಲದಕ್ಕೂ ತಲೆಯಾಡಿಸಿ ಸಹಿ ಹಾಕಿದರು. ಆದರೆ ಮನಸ್ಸಿನಲ್ಲಿ ರೇಷ್ಮೆ ತಮಗೇ ಅಂತ ತೀರ್ಮಾನ ಆಗಿಹೋಗಿತ್ತು.

ನೋಡೋಕೆ ಬಂದವರಿಗೆಲ್ಲ ಅದೇ ಮಾತು. "ಮೊಳಕಾಲ್ಮೂರು ರೇಷ್ಮೆ! ಮದುವೆ ಹೆಣ್ಣು ಉಡೋದು, ನನ್ನ ಕಾಲು ಉಟ್ಟೈತೆ."

"ತುರಿಸ್ತೈತಾ ಸಾಬ್ರೇ?" ಅಂತ ಪಕ್ಕದ ಹಾಸಿಗೆಯ ಗೌರಸಮುದ್ರದ ರೈತ ಕೇಳಿದರೆ, "ರೇಷ್ಮೆ ಕಣ್ರೀ, ತಂಪು" ಅಂತ ಉತ್ತರ.

ನಿಧಾನವಾಗಿ ಗಾಯ ಮಾಯಿತು. ಕೃತಕ ಕಾಲಿಗೆ ಅಳತೆಯನ್ನೂ ತೆಗೆದರು. ಚಾಚಿ ನನ್ನ ನೋಡಿ ಮೊದಲನೇ ಸಲ ನಕ್ಕರು. ಮನೆಗೆ ಕರೆದು ಸೇಮಿಗೆ ಪಾಯಸ ಕೊಡ್ತೀನಿ ಅಂದರು.

ಪಾಯಸ ತಿನ್ನೋಕೆ ಹೋಗೋ ಹಿಂದಿನ ದಿನ, ಯಾರಿಗೆ ಯಾವುದು ಸಿಕ್ಕಿತ್ತು ಅನ್ನೋ ಹೆಸರಿನ ಪಟ್ಟಿ ತೆರೆದರು. ಚಾಚಾನ ಹೆಸರಿನ ಮುಂದೆ ಹತ್ತಿ ಬಟ್ಟೆ ಅಂತಿತ್ತು.

ಮರುದಿನ ಪಾಯಸದ ಬಟ್ಟಲು ಕೈಯಲ್ಲಿ ಹಿಡಕೊಂಡೇ ಹೇಳಿದೆ. ಚಾಚಿಯ ಸೌಟು ಅಲ್ಲೇ ನಿಂತಿತು.

"ಬರೀ ಹತ್ತಿ ಬಟ್ಟೆನಾ?" ಚಾಚಾ ಕೇಳಿದರು.

"ಹೂಂ ಚಾಚಾ."

"ರೇಷ್ಮೆ ಸಿಕ್ಕವ್ರು?"

"ನಿಮಗಿಂತ ಬೇಗ ವಾಸಿಯಾದ್ರು." ನಾನು ಬಟ್ಟಲು ಕೆಳಗಿಟ್ಟೆ. "ಮೊದಲೇ ಅನುಮತಿ ಬಂದಿದ್ರೆ ಕಾಲೇ ಉಳೀತಿತ್ತೋ ಏನೋ. ತಪ್ಪಾಯ್ತು ಚಾಚಾ."

ಅವರು ತಮ್ಮ ಮೋಟು ಕಾಲನ್ನೇ ನೋಡ್ತಾ ಕೂತರು. ಭುಜ ಅಲುಗೋಕೆ ಶುರುವಾಯ್ತು. ಅಳ್ತಿದ್ದಾರೆ ಅಂದುಕೊಂಡು ನಾನು ಎದ್ದು ಹತ್ತಿರ ಹೋದೆ. ನಗ್ತಾ ಇದ್ದರು, ಕಣ್ಣೀರು ಗಡ್ಡಕ್ಕೆ ಇಳೀತಿತ್ತು.

"ಹತ್ತಿ ಬಟ್ಟೆನೇ ಇಷ್ಟು ಹೊಗಳಿಬಿಟ್ನಾ! ನಿಮ್ಮ ರೇಷ್ಮೆ ಏನಾದ್ರೂ ಸಿಕ್ಕಿದ್ರೆ, ಬೇಟಿ, ನನ್ನ ಹೊಗಳಿಕೆಗೆ ಉಬ್ಬಿ ಈ ಹೊತ್ತಿಗೆ ಕಾಲು ಪೂರ್ತಿ ಬೆಳೆದು, ಚಪ್ಪಲಿ ಕೇಳ್ತಿತ್ತು!"